ಸವಾಲಿನಿಂದ ಟೆಂಡರ್‌ಗೆ: ಕಸ ಎತ್ತೋರನ್ನ ಊರು ಹೇಗೆ ಆರಿಸಿತು?

ಬಸ್ಸಲ್ಲಿದ್ದೀರೋ, ಅಡುಗೆಮನೆಯಲ್ಲಿದ್ದೀರೋ, ವಾಕಿಂಗ್ ಹೊರಟಿದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ದರೂ, ಇವತ್ತು ಬೆಳಗ್ಗೆ ನಿಮ್ಮ ಮನೆ ಮುಂದೆ ಬಂದ ಕಸದ ಗಾಡಿಯನ್ನ ಒಮ್ಮೆ ನೆನಪು ಮಾಡ್ಕೊಳ್ಳಿ. ಹಾಡು ಹಾಕ್ಕೊಂಡು ಬರುತ್ತೆ. ನಾವು ಬಕೆಟ್ ಹಿಡ್ಕೊಂಡು ಓಡ್ತೀವಿ, ಸುರೀತೀವಿ, ಬಾಗಿಲು ಹಾಕ್ಕೊಳ್ತೀವಿ. ಆ ಗಾಡಿಯನ್ನ ಇಂಥವರೇ ಓಡಿಸಬೇಕು, ಅದರ ಹಿಂದೆ ನಿಂತವರಿಗೆ ಇಷ್ಟೇ ಕೂಲಿ ಸಿಗಬೇಕು ಅಂತ ಯಾರು ತೀರ್ಮಾನ ಮಾಡಿದ್ರು? ಇವತ್ತಿನ ಸಂಚಿಕೆ ಆ ಪ್ರಶ್ನೆಯ ಚರಿತ್ರೆ.

ನನ್ನ ಊರು ಮುನವಳ್ಳಿ. ಬೆಳಗಾವಿ ಜಿಲ್ಲೆ, ಸವದತ್ತಿ ತಾಲೂಕು, ಮಲಪ್ರಭಾ ನದಿಯ ದಂಡೆ. ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ, ನವಿಲುತೀರ್ಥದ ಡ್ಯಾಮ್ ನೋಡಿದವರಿಗೆ ಆ ಕಡೆಯ ರಸ್ತೆ ಗೊತ್ತಿರುತ್ತೆ. ಪಂಚಲಿಂಗೇಶ್ವರನ ಹಳೇ ಗುಡಿ ಇರುವ ಊರು. ಬ್ರಿಟಿಷರ ದಾಖಲೆಗಳಲ್ಲಿ ಇದರ ಹೆಸರು ‘ಮನೋಲಿ’. ಈಗ ಇಲ್ಲಿ ಪುರಸಭೆ ಇದೆ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಗೆ ಕಸದ ಗಾಡಿ ಬರ್ತಿರಲಿಲ್ಲ. ಹಿತ್ತಲಲ್ಲಿ ತಿಪ್ಪೆ ಇತ್ತು. ದನದ ಸಗಣಿ, ಒಲೆಯ ಬೂದಿ, ಉಳ್ಳಾಗಡ್ಡಿ ಸಿಪ್ಪೆ, ದನ ತಿಂದು ಬಿಟ್ಟ ಕಣಿಕೆ, ಎಲ್ಲ ಅಲ್ಲಿಗೇ. ಮುಂಗಾರಿಗೆ ಮುಂಚೆ ಚಕ್ಕಡಿ ಕಟ್ಟಿ ಅದನ್ನ ಹೊಲಕ್ಕೆ ಹೊಡೀತಿದ್ರು. ಒಂದು ಸಲ ಯಾರೋ ನಮ್ಮ ತಿಪ್ಪೆಯಿಂದ ಎರಡು ಬುಟ್ಟಿ ಗೊಬ್ಬರ ಹೊತ್ತರು ಅಂತ ನಮ್ಮಜ್ಜಿ ಮಾಡಿದ ಜಗಳ ಇಡೀ ಓಣಿಗೆ ಕೇಳಿಸಿತ್ತು. “ತಿಪ್ಪಿ ಅಂದ್ರ ಪುಕ್ಕಟೆ ಬಿದ್ದೈತಿ ಅಂತ ತಿಳದೀರೇನ?” ಅಂದಿದ್ಲು.

ಅಜ್ಜಿಯ ಈ ಮಾತು ತಲೆಯಲ್ಲಿರಲಿ. ಊರು ಕಸ ಎತ್ತೋರನ್ನ ಹೇಗೆ ಆರಿಸುತ್ತೆ ಅನ್ನೋದು, ಆ ಕಸಕ್ಕೆ ಬೆಲೆ ಇದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿದೆ.

ಕಸವನ್ನ ಕೊಳ್ಳೋರಿದ್ದ ಕಾಲ

ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1850ರಲ್ಲಿ ಕಂಪನಿ ಸರ್ಕಾರ ಒಂದು ಕಾಯ್ದೆ ತಂತು. ಊರಿನ ಜನ ಬಯಸಿದರೆ ಪುರಸಭೆ ಮಾಡ್ಕೊಬಹುದು, ಕರ ಎತ್ತಬಹುದು, ರಸ್ತೆ ಗುಡಿಸಬಹುದು, ದೀಪ ಹಾಕಬಹುದು. ಆ ದಶಕದಲ್ಲೇ ಬೆಳಗಾವಿ, ಹುಬ್ಬಳ್ಳಿ, ಧಾರವಾಡದಲ್ಲಿ ಪುರಸಭೆಗಳು ಹುಟ್ಟಿದವು. 1901ರ ಮುಂಬೈ ಜಿಲ್ಲಾ ಪುರಸಭೆಗಳ ಕಾಯ್ದೆಯಲ್ಲಿ ಬೀದಿ ಗುಡಿಸೋದು, ಹೊಲಸು ತೆಗೆಯೋದು ಪುರಸಭೆಯ ಕರ್ತವ್ಯ ಅಂತ ಬಂತು.

ಕಸ ಎತ್ತಿದ ಮೇಲೆ ಅದನ್ನ ಏನು ಮಾಡ್ತಿದ್ರು? ಮಾರ್ತಿದ್ರು! ಊರಾಚೆ ಗುಂಡಿ ತೋಡಿ, ಬೀದಿಯ ಕಸ, ಬೂದಿ, ಪಾಯಖಾನೆಯ ಮಲ ಎಲ್ಲ ಪದರ ಪದರವಾಗಿ ಹಾಕಿ ಕೊಳೆಸ್ತಿದ್ರು. ಗೊಬ್ಬರ ಆದ ಮೇಲೆ ರೈತರಿಗೆ ಮಾರಾಟ. ಪುಣೆ ಸುತ್ತಲಿನ ಕಬ್ಬು ಬೆಳೆಗಾರರು ಇಂಥ ಗೊಬ್ಬರಕ್ಕೆ ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಭಾರತದ ಬೇಸಾಯ ನೋಡಲು ಬಂದ ಜೆ.ಎ. ವೋಲ್ಕರ್ ಅನ್ನೋ ರಸಾಯನಶಾಸ್ತ್ರಜ್ಞ 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಇದರ ಬಗ್ಗೆ ಬರೆದಿದ್ದಾನೆ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಅಧ್ಯಾಯ ಇದೆ. ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯ ಅನ್ನೋ ವಿಜ್ಞಾನಿ 1939ರಲ್ಲಿ ಪಟ್ಟಣದ ಕಸವನ್ನ ಗುಂಡಿಯಲ್ಲಿ ಮುಚ್ಚಿಟ್ಟು ಗೊಬ್ಬರ ಮಾಡೋ ವಿಧಾನ ರೂಪಿಸಿದರು. ಕೃಷಿ ಓದೋ ಹುಡುಗರು ಇವತ್ತಿಗೂ ಅದನ್ನ ‘ಬೆಂಗಳೂರು ವಿಧಾನ’ ಅಂತ ಪರೀಕ್ಷೆಯಲ್ಲಿ ಬರೀತಾರೆ.

ಈಗ ನಮ್ಮ ಪಕ್ಕದ ಹುಬ್ಬಳ್ಳಿ-ಧಾರವಾಡಕ್ಕೆ ಬನ್ನಿ. ಅಲ್ಲಿ ಪಾಲಿಕೆಯ ಕಸದ ಗುಂಡಿಗಳನ್ನ ಸುತ್ತಲಿನ ಹಳ್ಳಿಗಳ ರೈತರಿಗೆ ಹರಾಜು ಹಾಕೋ ಪದ್ಧತಿ ಬಹಳ ಕಾಲ ನಡೀತು. ನಮ್ಮ ಕಡೆ ಹರಾಜಿಗೆ ‘ಸವಾಲು’ ಅಂತಾರೆ, ‘ಲಿಲಾವು’ ಅಂತಾನೂ ಅಂತಾರೆ. ಗುಂಡಿ ಮುಂದೆ ನಿಂತು ಸವಾಲು ಕೂಗೋದು, ಯಾರು ಹೆಚ್ಚು ಕೂಗ್ತಾರೋ ಗುಂಡಿ ಅವರದ್ದು. ಚಕ್ಕಡಿ ತಂದು ತುಂಬ್ಕೊಂಡು ಹೋಗೋದು.

ಸವಾಲಿನ ನಿಯಮ ಒಂದೇ: ಹೆಚ್ಚು ಕೂಗಿದವನು ಗೆಲ್ತಾನೆ. ದುಡ್ಡು ರೈತನ ಕೈಯಿಂದ ಊರಿನ ಖಜಾನೆಗೆ ಬರುತ್ತೆ.

ಲಂಡನ್ನಿನಲ್ಲೂ ಇದೇ ಆಯ್ತು

ಇದು ಬಡ ದೇಶದ ಕಥೆ ಅಂದ್ಕೋಬೇಡಿ. 1800ರ ಆಸುಪಾಸಿನ ಲಂಡನ್ನಿನಲ್ಲಿ ಮನೆಮನೆಯಲ್ಲೂ ಕಲ್ಲಿದ್ದಲ ಒಲೆ. ಅದರ ಬೂದಿ ಇಟ್ಟಿಗೆ ಮಾಡೋರಿಗೆ ಬೇಕಿತ್ತು. ಹಾಗಾಗಿ ಕಸದ ಗುತ್ತಿಗೆದಾರರು ಊರಿಗೇ ದುಡ್ಡು ಕೊಟ್ಟು, ‘ಕಸ ಎತ್ತೋ ಹಕ್ಕು ನಮಗೆ ಕೊಡಿ’ ಅಂತ ಪೈಪೋಟಿ ಮಾಡ್ತಿದ್ರು. ಬೂದಿ ರಾಶಿಯಿಂದಲೇ ಶ್ರೀಮಂತರಾದವರಿದ್ದರು. ಚಾರ್ಲ್ಸ್ ಡಿಕನ್ಸ್ 1864-65ರಲ್ಲಿ ಬರೆದ ಕಾದಂಬರಿಯೊಂದರ ಆಸ್ತಿ ಜಗಳವೆಲ್ಲ ಇಂಥದೇ ಕಸದ ಗುಡ್ಡಗಳ ಸುತ್ತ ನಡೆಯುತ್ತೆ.

ಆಮೇಲೆ ಬೂದಿಯ ಬೇಡಿಕೆ ಇಳೀತು. ಊರು ಬೆಳೆದಂತೆ ಕಸ ಹೆಚ್ಚಾಯ್ತು. ಅದೇ ಗುತ್ತಿಗೆದಾರರು ಈಗ ‘ದುಡ್ಡು ಕೊಟ್ಟರೆ ಮಾತ್ರ ಎತ್ತೋದು’ ಅಂದ್ರು. 19ನೇ ಶತಮಾನ ಮುಗಿಯೋದರೊಳಗೆ ದುಡ್ಡು ಹರಿಯೋ ದಿಕ್ಕೇ ತಿರುಗಿತ್ತು.

ಹುಬ್ಬಳ್ಳಿ-ಧಾರವಾಡದಲ್ಲೂ ಅದೇ ಆಯ್ತು, ಸುಮಾರು 100 ವರ್ಷ ತಡವಾಗಿ. ಅಲ್ಲಿ ಕಾರಣ ಪ್ಲಾಸ್ಟಿಕ್ಕು, ಗಾಜು. 1990ರ ದಶಕದ ಹೊತ್ತಿಗೆ ಗುಂಡಿಯ ಗೊಬ್ಬರದಲ್ಲಿ ಕ್ಯಾರಿಬ್ಯಾಗ್, ಬಾಟಲಿ ಚೂರು, ಬ್ಲೇಡು ಸಿಗೋಕೆ ಶುರುವಾಯ್ತು. ಅದನ್ನ ಆರಿಸಿ ತೆಗೆಯೋಕೆ ಆಳಿನ ಕೂಲಿ ಕೊಡಬೇಕು. ಹೊಲಕ್ಕೆ ಹಾಕಿದರೆ ದುಡಿಯೋರ ಕಾಲು ಕೊಯ್ಯುತ್ತೆ. ಇತ್ತ ಯೂರಿಯಾ ಚೀಲ ಅಂಗಡಿಯಲ್ಲಿ ಸಲೀಸಾಗಿ ಸಿಗ್ತಿತ್ತು. ರೈತ ಗುಂಡಿಯ ಕಡೆ ಬರೋದು ಕಡಿಮೆ ಮಾಡಿದ.

ಸವಾಲು ಕೂಗೋರೇ ಇಲ್ಲ ಅಂದಮೇಲೆ ಕಸ ಊರಿನ ಆಸ್ತಿ ಆಗಿ ಉಳೀಲಿಲ್ಲ, ಊರಿನ ತಲೆನೋವಾಯ್ತು.

ಎತ್ತಿದವರು ಯಾರು?

ಇಲ್ಲಿ ಒಂದು ನಿಮಿಷ ನಿಲ್ಲೋಣ. ಸವಾಲಿನ ಕಾಲ ಚೆನ್ನಾಗಿತ್ತು ಅಂತ ಹಾಡಿ ಹೊಗಳೋಕೆ ನಾನು ಬಂದಿಲ್ಲ. ಆ ಗುಂಡಿಗೆ ಮಲವನ್ನ ಹೊತ್ತು ತಂದವರು ಯಾರು? ಅವರನ್ನ ಯಾವ ಟೆಂಡರೂ ಆರಿಸಿರಲಿಲ್ಲ. ಜಾತಿ ಆರಿಸಿತ್ತು. ಗೊಬ್ಬರಕ್ಕೆ ಬೆಲೆ ಇತ್ತು, ಹೊತ್ತವರಿಗೆ ಇರಲಿಲ್ಲ.

1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ರಾಜ್ಯದಲ್ಲಿ ನಿಷೇಧಿಸಿದರು. ದೇಶಮಟ್ಟದ ಕಾನೂನು ಬಂದಿದ್ದು 1993ರಲ್ಲಿ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟು, 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಅಂತು. ಹಾಗಂತ ಪದ್ಧತಿ ಸತ್ತುಹೋಗಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಕಚೇರಿ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಅವರು ತಲೆಮಾರುಗಳಿಂದ ಬದುಕಿದ್ದ ಜಾಗದಿಂದ ಎಬ್ಬಿಸೋ ಪ್ರಯತ್ನ ನಡೆದಿತ್ತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

2000: ಒಂದೇ ವರ್ಷ, ಎರಡು ಕಾನೂನು

ಈಗ ಕಥೆ ತಿರುವು ತಗೊಳ್ಳೋ ಜಾಗಕ್ಕೆ ಬಂದ್ವಿ. 1996ರಲ್ಲಿ ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ ಸುಪ್ರೀಂ ಕೋರ್ಟಿಗೆ ಹೋದರು. ದೇಶದ ನಗರಗಳು ಕಸವನ್ನ ಎಲ್ಲೆಂದರಲ್ಲಿ ಸುರೀತಿವೆ ಅನ್ನೋದು ಅವರ ದೂರು. ಆ ಪ್ರಕರಣದ ಫಲವಾಗಿ 2000ದ ಸೆಪ್ಟೆಂಬರ್‌ನಲ್ಲಿ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. ಮನೆಮನೆಯಿಂದ ಕಸ ಸಂಗ್ರಹಿಸಿ, ಸಂಸ್ಕರಿಸಿ, ಉಳಿದಿದ್ದನ್ನ ಮಾತ್ರ ಹೂಳಿ ಅಂದವು. 2003ರ ಕೊನೆಯೊಳಗೆ ಘಟಕ ಕಟ್ಟಿ ಅಂತ ಗಡುವೂ ಕೊಟ್ಟವು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಇನ್ನೊಂದು ಕಾನೂನು ಜಾರಿಗೆ ಬಂತು: ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕಚೇರಿ ಭಾಷೆಯಲ್ಲಿ ‘ಕೆಟಿಪಿಪಿ’. ಸರ್ಕಾರಿ ದುಡ್ಡಲ್ಲಿ ಏನೇ ಕೊಂಡರೂ, ಯಾವುದೇ ಕೆಲಸ ಮಾಡಿಸಿದರೂ, ವಿನಾಯಿತಿ ಇದ್ದದ್ದು ಬಿಟ್ಟು ಉಳಿದದ್ದಕ್ಕೆಲ್ಲ ಬಹಿರಂಗ ಟೆಂಡರ್ ಕರೀಬೇಕು.

ಒಂದು ಕಾನೂನು ‘ಕಸವನ್ನ ಸರಿಯಾಗಿ ಎತ್ತು’ ಅಂತು. ಇನ್ನೊಂದು ‘ಎತ್ತೋರನ್ನ ಬಹಿರಂಗವಾಗಿ ಆರಿಸು’ ಅಂತು. ಇವೆರಡೂ ಸೇರಿದಾಗ ಹುಟ್ಟಿದ್ದೇ ಇವತ್ತಿನ ಕಸದ ಟೆಂಡರ್.

ಟೆಂಡರ್ ಅಂದ್ರೆ ಏನಾಗುತ್ತೆ?

ಪುರಸಭೆ ಅಂದರೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ಜನ ಇರುವ ಊರು. ಅಂಥ ಊರಲ್ಲಿ ಕೆಲಸ ಹೀಗೆ ನಡೀಬೇಕು.

ಮೊದಲು ಅಂದಾಜು ಪಟ್ಟಿ: ಎಷ್ಟು ವಾರ್ಡು, ಎಷ್ಟು ಗಾಡಿ, ಎಷ್ಟು ಜನ, ಡೀಸೆಲ್ ಎಷ್ಟು. ಸಭೆಯಲ್ಲಿ ಠರಾವು. ಮೊತ್ತ ದೊಡ್ಡದಿದ್ದರೆ ಮೇಲಿನವರ ಮಂಜೂರಾತಿ. ಆಮೇಲೆ ಮುಖ್ಯಾಧಿಕಾರಿ ಟೆಂಡರ್ ಪ್ರಕಟಣೆ ಹೊರಡಿಸ್ತಾರೆ. ಮೂಲ ನಿಯಮದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿದ್ದರೆ 60 ದಿನ ಸಮಯ ಕೊಡಬೇಕಿತ್ತು. ಯಾಕೆ? ತರಾತುರಿಯಲ್ಲಿ ‘ನಮ್ಮವನಿಗೆ’ ಕೊಟ್ಟುಬಿಡಬಾರದು ಅಂತ. ಮೊದಲೆಲ್ಲ ಕಾಗದದ ಲಕೋಟೆ ಇತ್ತು. ಲಕೋಟೆ ಹಾಕೋಕೆ ಬಂದವರನ್ನ ಬಾಗಿಲಲ್ಲೇ ಹೆದರಿಸಿ ಕಳಿಸಬಹುದಿತ್ತು. ಈಗ ಎಲ್ಲ ಆನ್‌ಲೈನ್, ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ.

ಸಾಮಾನ್ಯವಾಗಿ ಎರಡು ಲಕೋಟೆ ಪದ್ಧತಿ. ಮೊದಲನೆಯದು ತಾಂತ್ರಿಕ: ನಿನಗೆ ಅನುಭವ ಇದೆಯಾ, ವಹಿವಾಟು ಎಷ್ಟು, ಕಾರ್ಮಿಕ ಪರವಾನಗಿ ಇದೆಯಾ, ಪಿಎಫ್, ಇಎಸ್‌ಐ ಕಟ್ತೀಯಾ, ಇಎಂಡಿ ಠೇವಣಿ ಇಟ್ಟಿದ್ದೀಯಾ. ಇದರಲ್ಲಿ ಪಾಸಾದವರದ್ದು ಮಾತ್ರ ಎರಡನೇ ಲಕೋಟೆ ತೆರೀತಾರೆ. ಅದರಲ್ಲಿರೋದು ದರ. ಕಡಿಮೆ ದರ ಹಾಕಿದವನಿಗೆ ‘ಎಲ್-1’ ಅಂತಾರೆ. ಸಾಮಾನ್ಯವಾಗಿ ಕೆಲಸ ಅವನಿಗೇ. ತನಗೆ ಅನ್ಯಾಯ ಆಯ್ತು ಅನ್ನೋ ಟೆಂಡರುದಾರ ಮೇಲ್ಮನವಿ ಹಾಕ್ಕೋಬಹುದು.

ನೋಡಿ, ಎಂಥ ತಿರುವು! ಸವಾಲಿನಲ್ಲಿ ಹೆಚ್ಚು ಕೂಗಿದವನು ಗೆಲ್ತಿದ್ದ. ಟೆಂಡರಿನಲ್ಲಿ ಕಡಿಮೆ ಕೂಗಿದವನು ಗೆಲ್ತಾನೆ.

ಕಡಿಮೆ ದರ ಎಲ್ಲಿಂದ ಬರುತ್ತೆ?

ಟೆಂಡರ್ ತಪ್ಪು ಅಂತ ನಾನು ಹೇಳ್ತಿಲ್ಲ. ಬಾಗಿಲು ಮುಚ್ಚಿ ಕೊಡೋದಕ್ಕಿಂತ ಬಹಿರಂಗವಾಗಿ ಕೊಡೋದು ಸಾವಿರ ಪಾಲು ಮೇಲು. ಆದರೆ ಒಂದು ಲೆಕ್ಕ ಮಾಡಿ. ಕಸ ಎತ್ತೋ ಕೆಲಸದಲ್ಲಿ ಖರ್ಚು ಅಂದರೆ ಏನು? ಗಾಡಿ, ಡೀಸೆಲ್, ಜನ. ಎಷ್ಟೋ ಸಣ್ಣ ಊರುಗಳಲ್ಲಿ ಗಾಡಿ ಪುರಸಭೆಯದ್ದೇ. ಚಾಲಕರು, ಲೋಡರ್‌ಗಳು ಮಾತ್ರ ಹೊರಗುತ್ತಿಗೆ. ಡೀಸೆಲ್ ಬೆಲೆ ಎಲ್ಲರಿಗೂ ಒಂದೇ. ಕನಿಷ್ಠ ವೇತನ ಕಾನೂನಿನ ಪ್ರಕಾರ ಎಲ್ಲರಿಗೂ ಒಂದೇ. ಹಾಗಿದ್ದರೆ 100 ರೂಪಾಯಿ ಕೆಲಸವನ್ನ ಒಬ್ಬ 80ಕ್ಕೆ ಮಾಡ್ತೀನಿ ಅಂದರೆ ಆ 20 ರೂಪಾಯಿ ಎಲ್ಲಿಂದ ಉಳಿಸ್ತಾನೆ?

ಹತ್ತು ಜನರ ಹೆಸರು ಬರೆದು ಏಳು ಜನರನ್ನ ದುಡಿಸಿ. ಗ್ಲೌಸು, ಬೂಟು ಕೊಡದೇ. ಪಿಎಫ್ ಮುರಿದುಕೊಂಡು ಕಟ್ಟದೇ. ಸಂಬಳ ಎರಡು ತಿಂಗಳು ತಡಮಾಡಿ. ರಾಜ್ಯದ ಪೌರಕಾರ್ಮಿಕರು ವರ್ಷಗಟ್ಟಲೆ ಬೀದಿಗಿಳಿದು ಹೇಳಿದ್ದು ಇವನ್ನೇ.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಮಾತಿತ್ತು, ಬಹಳ ಜನಕ್ಕೆ ಗೊತ್ತಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ, ಕೆಲಸ ಮಾಡಿಸ್ಕೊಂಡ ಮೂಲ ಮಾಲೀಕ, ಅಂದರೆ ಪುರಸಭೆಯೇ, ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡ್ಕೋಬೇಕು. ಕಾನೂನಿನಲ್ಲಿತ್ತು, ಕೈಗೆ ಬರ್ತಿರಲಿಲ್ಲ.

ಹೋರಾಟ ನಡೀತು. 2017ರ ಹೊತ್ತಿಗೆ ಸರ್ಕಾರ ಬೀದಿ ಗುಡಿಸೋ ಪೌರಕಾರ್ಮಿಕರ ವಿಷಯದಲ್ಲಿ ಗುತ್ತಿಗೆದಾರನನ್ನ ನಡುವಿನಿಂದ ತೆಗೆದು ನೇರ ಪಾವತಿಗೆ ಬಂತು. ಜನರ ಲೆಕ್ಕ ಮಾತ್ರ 700ಕ್ಕೆ ಒಬ್ಬರು ಅಂತಾಯ್ತು. ಸಾಲಪ್ಪ ಸಮಿತಿ ಹೇಳಿದ್ದು 500ಕ್ಕೆ ಒಬ್ಬರು. 20 ಸಾವಿರ ಜನರ ಊರಲ್ಲಿ 40 ಜನ ಮಾಡಬೇಕಾದ್ದನ್ನ 29 ಜನ ಮಾಡಬೇಕು. 2022ರ ಜುಲೈ ಆರಂಭದಲ್ಲಿ ರಾಜ್ಯದಾದ್ಯಂತ ಮುಷ್ಕರ ಆಯ್ತು. ಆ ಸೆಪ್ಟೆಂಬರ್‌ನಲ್ಲಿ 11,133 ಪೌರಕಾರ್ಮಿಕರ ಕಾಯಮಾತಿಗೆ ಸಂಪುಟ ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು.

ಪೊರಕೆ ಹಿಡಿದವರು ಹೀಗೆ ಟೆಂಡರಿನಿಂದ ಹೊರಗೆ ಬಂದರು. ಗಾಡಿ ಓಡಿಸೋರು, ಹಿಂದೆ ನಿಂತು ಬಕೆಟ್ ಸುರಿಯೋರು ಬಹಳ ಕಡೆ ಒಳಗೇ ಉಳಿದರು. ಬೆಳಗ್ಗೆ ನೀವು ಯಾರ ಕೈಗೆ ಬಕೆಟ್ ಕೊಟ್ಟಿರೋ, ಅವರ ಕೂಲಿ ಇನ್ನೂ ಯಾರದೋ ‘ಎಲ್-1’ ದರದೊಳಗೇ ಇರಬಹುದು.

ಕೇಳಿದ್ದೇ ಸಿಗುತ್ತೆ

ಇನ್ನೊಂದು ವಿಷಯ. ಟೆಂಡರ್ ಕಾಗದದಲ್ಲಿ ಏನು ಕೇಳ್ತೀವೋ ಅದೇ ಸಿಗುತ್ತೆ. ‘ಟನ್ನಿಗೆ ಇಷ್ಟು’ ಅಂತ ದುಡ್ಡು ಕೊಟ್ಟರೆ ಗುತ್ತಿಗೆದಾರನಿಗೆ ತೂಕ ಬೇಕು. ಹಸಿ, ಒಣ ಬೇರೆ ಮಾಡಿದರೆ, ಕಸ ಕಡಿಮೆ ಆದರೆ, ಅವನಿಗೆ ನಷ್ಟ! ಹೀಗೆ ಎಲ್ಲವನ್ನೂ ಬೆರೆಸಿ ಊರಾಚೆ ಸುರಿದ ಊರುಗಳ ಗತಿ ಏನಾಯ್ತು ಅಂತ ನೋಡೋಕೆ 2012ರ ಬೆಂಗಳೂರು ಸಾಕು. ಮಾವಳ್ಳಿಪುರದ ಜನ ‘ನಿಮ್ಮ ಕಸ ನಮ್ಮೂರಿಗೆ ಬೇಡ’ ಅಂದ್ರು, ರಾಜಧಾನಿಯ ಬೀದಿಬೀದಿಯಲ್ಲಿ ಕಸ ಕೊಳೀತು. ಲಾರಿಗಳು ಮಂಡೂರಿಗೆ ಹೋದವು. ಅಲ್ಲಿನವರೂ ಹೋರಾಡಿ 2014ರ ಕೊನೆಯಲ್ಲಿ ನಿಲ್ಲಿಸಿದರು. 2016ರ ಹೊಸ ನಿಯಮಗಳು ಮೂಲದಲ್ಲೇ ಮೂರು ಭಾಗ ಮಾಡಿ ಅಂದವು: ಹಸಿ, ಒಣ, ಮನೆಯ ಅಪಾಯಕಾರಿ ಕಸ. ಚಿಂದಿ ಆಯೋರನ್ನ ವ್ಯವಸ್ಥೆಯೊಳಗೆ ಸೇರಿಸಿ ಅಂತಾನೂ ಅಂದವು.

ಹಾಗಾದರೆ ಒಣ ಕಸ ಯಾರದ್ದು? ಇದು ಸಣ್ಣ ಪ್ರಶ್ನೆ ಅಲ್ಲ. ನಾನೀಗ ಇರೋ ಊರಲ್ಲಿ ಕಸದ ಗಾಡಿಯ ಪಕ್ಕಕ್ಕೆ ಒಂದು ಚೀಲ ನೇತಾಡ್ತಿರುತ್ತೆ. ನೀರಿನ ಬಾಟಲಿ, ರಟ್ಟು, ಹಾಲಿನ ಕವರು ಅದರೊಳಗೆ. ಒಂದು ದಿನ “ಇದು ಯಾರಿಗಣ್ಣಾ?” ಅಂತ ಕೇಳಿದೆ. “ಗುಜರಿಗೆ ಹಾಕ್ತೀವಿ. ನಮ್ಮ ಚಾ-ನಾಷ್ಟಾದ ಖರ್ಚು” ಅಂದ. ನಾವು ‘ಕಸ’ ಅಂತ ಕೊಟ್ಟಿದ್ದರಲ್ಲಿ ಅವನ ಬೆಳಗಿನ ಉಪ್ಪಿಟ್ಟು ಇತ್ತು. ಒಣ ಕಸವೆಲ್ಲ ಗುತ್ತಿಗೆದಾರನದ್ದು ಅಂತ ಟೆಂಡರಿನಲ್ಲಿ ಒಂದೇ ಸಾಲು ಬರೆದರೂ ಸಾಕು, ಆ ಉಪ್ಪಿಟ್ಟು ಹೋಗುತ್ತೆ.

ಬೇರೆ ಥರ ಬರೆದವರೂ ಇದ್ದಾರೆ. ಪುಣೆಯಲ್ಲಿ ಚಿಂದಿ ಆಯುವ ಹೆಂಗಸರೇ ಸೇರಿ ಕಟ್ಟಿದ ‘ಸ್ವಚ್ಛ್’ ಸಹಕಾರಿ ಸಂಘದ ಜೊತೆ ಪಾಲಿಕೆ 2008ರಲ್ಲಿ ಒಪ್ಪಂದ ಮಾಡ್ಕೊಂಡಿತು. ಬೆಂಗಳೂರಿನಲ್ಲಿ ಹಸಿರು ದಳದ ಮೂಲಕ ಸಂಘಟಿತರಾದ ಚಿಂದಿ ಆಯೋರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ತು. ಅವರಲ್ಲಿ ಹಲವರು ವಾರ್ಡಿನ ಒಣ ಕಸ ಕೇಂದ್ರಗಳನ್ನ ತಾವೇ ನಡೆಸ್ತಾರೆ. ಅಷ್ಟು ದೂರ ಯಾಕೆ, ನಮ್ಮ ರಾಜ್ಯದ ಹಳ್ಳಿಗಳಲ್ಲೇ ನೋಡಿ. ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ವಾಹಿನಿ’ ಗಾಡಿಯ ಸ್ಟೇರಿಂಗ್ ಹಿಡಿದಿರೋದು ಸ್ವಸಹಾಯ ಸಂಘದ ಅಕ್ಕಂದಿರು. ಪಂಚಾಯಿತಿ ಒಪ್ಪಂದ ಮಾಡ್ಕೊಂಡಿರೋದು ಅವರದೇ ಸಂಜೀವಿನಿ ಒಕ್ಕೂಟದ ಜೊತೆ. ಇಲ್ಲಿ ಪ್ರಶ್ನೆ ‘ಯಾರು ಕಡಿಮೆಗೆ ಮಾಡ್ತಾರೆ’ ಅನ್ನೋದಲ್ಲ, ‘ಈ ಕೆಲಸದ ದುಡ್ಡು ಯಾರ ಮನೆಗೆ ಹೋಗಬೇಕು’ ಅನ್ನೋದು. ಇವೆಲ್ಲ ತೊಂದರೆಯಿಲ್ಲದೆ ನಡೀತಿವೆ ಅಂತಲ್ಲ. ಆದರೆ ಆರಿಸೋಕೆ ಒಂದೇ ದಾರಿ ಇರೋದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೊನೆಗೆ

ನಿಮ್ಮ ಕೈಯಲ್ಲಿ ಫೋನ್ ಇದೆ. ರಾಜ್ಯದ ಸಂಗ್ರಹಣಾ ಪೋರ್ಟಲ್ ತೆಗೆದು ನಿಮ್ಮ ಊರಿನ ಹೆಸರು ಹಾಕಿ ಹುಡುಕಿ. ಕಸದ ಟೆಂಡರ್ ಸಿಕ್ಕರೆ ಮೂರು ವಿಷಯ ಮಾತ್ರ ನೋಡಿ. ಒಂದು, ದುಡ್ಡು ಕೊಡೋದು ತೂಕಕ್ಕೋ, ಬೇರ್ಪಡಿಸಿದ ಕಸಕ್ಕೋ? ಎರಡು, ಎಷ್ಟು ಜನ ಕೆಲಸಗಾರರು ಅಂತ ಬರೆದಿದೆ? ಮೂರು, ಒಣ ಕಸ ಯಾರದ್ದು? ಸಿಗಲಿಲ್ಲವಾ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಆಮೇಲೆ ನಾಳೆ ಬೆಳಗ್ಗೆ ಗಾಡಿಯ ಹಿಂದೆ ನಿಂತವರನ್ನ ಎಣಿಸಿ. ಕಾಗದದಲ್ಲಿರೋ ಲೆಕ್ಕಕ್ಕೆ ತಾಳೆ ಆಗುತ್ತಾ ನೋಡಿ.

ಹೋದ ಸಲ ಊರಿಗೆ ಹೋದಾಗ ನೋಡಿದೆ, ನಮ್ಮ ಹಿತ್ತಲಲ್ಲಿ ಈಗ ತಿಪ್ಪೆ ಇಲ್ಲ. ದನ ಇಲ್ಲ, ಒಲೆ ಇಲ್ಲ. ಆ ಜಾಗದಲ್ಲಿ ಬೈಕ್ ನಿಂತಿದೆ. ಅಡುಗೆಮನೆ ಬಾಗಿಲ ಹತ್ತಿರ ಹಸಿರು ಬಕೆಟ್ ಒಂದು, ನೀಲಿ ಬಕೆಟ್ ಒಂದು. ಅವ್ವ ಎರಡರಲ್ಲೂ ಎಲ್ಲ ಬೆರೆಸಿ ಹಾಕ್ತಿದ್ಲು. ಅಜ್ಜಿ ಇದ್ದಿದ್ದರೆ ಮತ್ತೆ ಜಗಳ ಆಗ್ತಿತ್ತು. ಅಜ್ಜಿ ಮಾಡಬೇಕಿದ್ದ ಜಗಳವನ್ನ ನಾನು ಮಾಡಿದೆ, ಸ್ವಲ್ಪ ಮೆತ್ತಗೆ. “ಪುಕ್ಕಟೆ ಬಿದ್ದೈತಿ ಅಂತ ತಿಳದಿಯೇನವ್ವಾ?”

ಅವ್ವ ನಕ್ಕಳು. ಮರುದಿನ ನೀಲಿ ಬಕೆಟ್ಟಿನಲ್ಲಿ ಬರೀ ಕವರು, ರಟ್ಟು, ಒಂದು ಎಣ್ಣೆ ಬಾಟಲಿ ಇತ್ತು.

ನಿಮ್ಮ ಊರಿನ ಟೆಂಡರಿನಲ್ಲಿ ಏನು ಕಂಡಿತು, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.